ಆ ದೇಶದ ಚಮಚ

ಇಪ್ಪತ್ತೊಂಬತ್ತು ವರ್ಷ ಏನು ಕೆಲಸ ಮಾಡಿದೆ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಥಟ್ಟನೆ ಹೇಳಲು ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಉಪ್ಪಿಟ್ಟಿನ ಮಿಕ್ಸ್, ದೋಸೆ ಮಿಕ್ಸ್, ಜಾಮೂನು ಮಿಕ್ಸ್ ಪ್ಯಾಕೆಟ್ಟಿನ ಹಿಂದೆ ‘ಮಾಡುವ ವಿಧಾನ’ ಎಂದು ನಾಲ್ಕಾರು ಸಾಲು ಇರುತ್ತವಲ್ಲ, ಅವನ್ನು ಬರೆಯುವುದು ನನ್ನ ಕೆಲಸವಾಗಿತ್ತು. ಅದರಲ್ಲೂ ಹೊರದೇಶಕ್ಕೆ ಹೋಗುವ ಪ್ಯಾಕೆಟ್ಟುಗಳದು. ನಮ್ಮ ಗ್ರಾಂ, ಲೀಟರುಗಳನ್ನು ಅಮೆರಿಕದವರ ಕಪ್ಪಿಗೆ, ಇಂಗ್ಲೆಂಡಿನವರ ಪಿಂಟಿಗೆ, ಜಪಾನಿನವರ ಅಳತೆಗೆ ಹೊಂದಿಸಿ, ಅಲ್ಲಿನ ಅಡುಗೆಮನೆಯಲ್ಲಿ ನಿಂತವಳಿಗೆ ತಿಳಿಯುವಂತೆ ಹೇಳಬೇಕು. ಹರಿಹರದ ನಮ್ಮ ಓಣಿಯಲ್ಲಿ ಮಾತ್ರ ನನ್ನ ಕೆಲಸದ ವರ್ಣನೆ ಬೇರೆಯಾಗಿತ್ತು. ಪಕ್ಕದ ಮನೆಯ ಗೌರಮ್ಮ ಬಂದವರಿಗೆಲ್ಲ, “ನಮ್ ಸುಮಂಗಲಂಗೆ ದಾವಣಗೆರೆಯಾಗೆ ಉಪ್ಪಿಟ್ಟು ಮಾಡಾಕೆ ಸಂಬಳ ಕೊಡ್ತಾರಂತೆ ನೋಡ್ರಿ” ಎನ್ನುತ್ತಿದ್ದಳು. ಅದೇನೂ ಸುಳ್ಳಲ್ಲ.

ಈಗ ನಿವೃತ್ತಳಾಗಿ ದಾವಣಗೆರೆಯ ಸರಸ್ವತಿ ನಗರದಲ್ಲಿದ್ದೇನೆ. ಕಾರ್ಖಾನೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ಮನೆಗೆ ಬಂದಿದ್ದರು. “ಮೇಡಂ, ಅಳತೆ ಲೆಕ್ಕ ಎಲ್ಲಾ ಕಂಪ್ಯೂಟರ್‌ನಾಗೆ ಐತೆ. ಆದ್ರೆ ಎಲ್ಲಿ ಎಡವತೀವಿ ಅನ್ನೋದು ಅದ್ರಾಗಿಲ್ಲ. ಅದನ್ನ ಹೇಳ್ರಿ” ಅಂದರು. ಎಡವಿದ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವರು ಆ ಕಾರ್ಖಾನೆಯಲ್ಲಿ ಇರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಪಿಯುಸಿ ಮುಗಿಸಿ, ಒಂದು ವರ್ಷದ ಗೃಹವಿಜ್ಞಾನದ ಸರ್ಟಿಫಿಕೇಟು ಹಿಡಿದುಕೊಂಡು, ಹರಿಹರದಿಂದ ಬೆಳಗಿನ ಬಸ್ಸು ಹತ್ತಿ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶಕ್ಕೆ ಬಂದಿಳಿದವಳು. ಕಾರ್ಖಾನೆ ದೊಡ್ಡದೇನಲ್ಲ. ಹುರಿಯುವ ಶೆಡ್ಡು, ಬೀಸುವ ಶೆಡ್ಡು, ಪ್ಯಾಕಿಂಗ್ ಹಾಲ್, ಇವುಗಳ ಪಕ್ಕದಲ್ಲಿ ಎರಡು ಕಿಟಕಿಯ ಒಂದು ಕೋಣೆ. ಅದಕ್ಕೆ ಟೆಸ್ಟಿಂಗ್ ರೂಮು ಅನ್ನುತ್ತಿದ್ದರು. ಅದರ ಯಜಮಾನಿ ಗಿರಿಜಮ್ಮ ಮೇಡಂ.

ಗಿರಿಜಮ್ಮ ಲೋಕಿಕೆರೆಯವರು. ಗೃಹವಿಜ್ಞಾನದಲ್ಲಿ ಪದವಿ ಪಡೆದಿದ್ದರು. ಮದುವೆಯಾಗಿರಲಿಲ್ಲ. ಒರಟು ನೂಲಿನ ಸೀರೆ, ಸೆರಗು ಸೊಂಟಕ್ಕೆ ಬಿಗಿದು, ಕನ್ನಡಕದ ಗಾಜಿನ ಮೇಲೆ ಸದಾ ತೆಳ್ಳಗೆ ಹಿಟ್ಟು. ಮೊದಲ ದಿನ ನನ್ನ ಸರ್ಟಿಫಿಕೇಟನ್ನು ಓದಿಯೂ ನೋಡದೆ ಪಕ್ಕಕ್ಕಿಟ್ಟು, ಕೈಗೆ ಒಂದು ಉಪ್ಪಿಟ್ಟಿನ ಮಿಕ್ಸ್ ಪ್ಯಾಕೆಟ್ ಕೊಟ್ಟು, “ಮಾಡು” ಅಂದರು.

ಉಪ್ಪಿಟ್ಟು! ಹತ್ತನೇ ವಯಸ್ಸಿನಿಂದ ಮಾಡಿದವಳು ನಾನು. ನೀರಿಟ್ಟೆ, ಕಣ್ಣಂದಾಜಿನಲ್ಲಿ ಇನ್ನೊಂಚೂರು ಸೇರಿಸಿದೆ, ಕುದಿ ಬರುತ್ತಲೇ ಮಿಕ್ಸ್ ಸುರಿದು ತಿರುವಿದೆ. ಚೆನ್ನಾಗಿಯೇ ಬಂತು. ತಟ್ಟೆಗೆ ಹಾಕಿ ಹೆಮ್ಮೆಯಿಂದ ಅವರ ಮುಂದಿಟ್ಟೆ. ಅವರು ರುಚಿಯನ್ನೂ ನೋಡಲಿಲ್ಲ.

“ಪ್ಯಾಕೆಟ್ ಓದಿದ್ಯಾ?”

“ಓದೋದೇನೈತೆ ಮೇಡಂ, ಉಪ್ಪಿಟ್ಟಲ್ಲೇನ್ರಿ?”

“ನಿಂಗೆ ಉಪ್ಪಿಟ್ಟು ಗೊತ್ತೈತೆ. ಈ ಪ್ಯಾಕೆಟ್ ಒಡೆಯೋ ಹೆಣ್ಮಗಳಿಗೆ ಗೊತ್ತಿಲ್ಲ. ಹುಟ್ಟಿದಾಗಿಂದ ಆಕಿ ಉಪ್ಪಿಟ್ಟು ಕಂಡೇ ಇಲ್ಲ. ಈಗ ಆಕಿ ಆಗಿ ಮಾಡು.”

ಮತ್ತೆ ಮಾಡಿದೆ. ಈ ಸಲ ಬರೆದದ್ದನ್ನಷ್ಟೇ ಮಾಡಿದೆ. ‘ನೀರು ಕುದಿಸಿ, ಮಿಕ್ಸ್ ಹಾಕಿ, ಬೇಯಿಸಿ’ ಎಂದಿತ್ತು. ತಿರುವಲು ಎಲ್ಲೂ ಹೇಳಿರಲಿಲ್ಲ. ತಿರುವಲು ಹೋದ ನನ್ನ ಕೈಯನ್ನು ಅವರು ಹಿಡಿದುಕೊಂಡರು. ಬಾಣಲೆಯಲ್ಲಿ ಗಂಟುಗಂಟಾದ ಮುದ್ದೆಯೊಂದು ಕೂತಿತು. ಆಗ ಗಿರಿಜಮ್ಮ ಪೆನ್ಸಿಲು ತೆಗೆದು ‘ಕೈ ಬಿಡದೆ ತಿರುವುತ್ತಾ’ ಎಂಬ ಮೂರು ಪದ ಸೇರಿಸಿದರು. ನನ್ನ ವೃತ್ತಿಯ ಮುಕ್ಕಾಲು ಪಾಠ ಅಂದೇ ಆಗಿಹೋಯಿತು ಎಂದು ಈಗ ಅನ್ನಿಸುತ್ತದೆ.

ಉಳಿದ ಕಾಲು ಪಾಠ ಅವರ ಕಬ್ಬಿಣದ ಕಪಾಟಿನಲ್ಲಿತ್ತು. ಅದರ ಒಂದೊಂದು ಅರೆಯೂ ಒಂದೊಂದು ದೇಶ. ಅಮೆರಿಕದ ಅರೆಯಲ್ಲಿ ಇನ್ನೂರ ನಲವತ್ತು ಎಂ.ಎಲ್. ಹಿಡಿಯುವ ಕಪ್ಪು. ಕೆನಡಾದ್ದು, ಆಸ್ಟ್ರೇಲಿಯಾದ್ದು ಇನ್ನೂರ ಐವತ್ತರ ಕಪ್ಪು. ಜಪಾನಿನದು ಇನ್ನೂರು. ಇಂಗ್ಲೆಂಡಿನ ಹಳೆಯ ಗಾಜಿನ ಜಾರಿನ ಮೇಲೆ ಪಿಂಟಿನ ಗೆರೆ. ಇಂಗ್ಲೆಂಡಿನ ಪಿಂಟು ಅರ್ಧ ಲೀಟರಿಗಿಂತ ಜಾಸ್ತಿ, ಅದೇ ಹೆಸರಿನ ಅಮೆರಿಕದ ಪಿಂಟು ಅರ್ಧ ಲೀಟರಿಗಿಂತ ಕಡಿಮೆ. ಇವನ್ನೆಲ್ಲ ಅವರು ಕಾರ್ಖಾನೆಗೆ ಬಂದುಹೋಗುವ ಖರೀದಿದಾರರ ಬೆನ್ನುಬಿದ್ದು ತರಿಸಿಕೊಂಡಿದ್ದರು. ಬರುವವರು ಪೆನ್ನು, ಚಾಕಲೇಟು ತಂದರೆ, “ಇದೆಲ್ಲ ಬ್ಯಾಡ್ರಿ, ಮುಂದಿನ ಸಲ ನಿಮ್ಮನಿ ಅಡಿಗಿಮನಿಯಿಂದ ಒಂದು ಕಪ್ಪು ತಗೊಂಡು ಬರ್ರಿ” ಎಂದು ಇಂಗ್ಲಿಷಿನಲ್ಲೇ ಹೇಳಿ ಕಳಿಸುತ್ತಿದ್ದರಂತೆ.

ನಾನು ಮೊದಲ ಸಲ ಎಡವಿದ್ದು ಒಲೆಯ ಬಿಸಿಯಲ್ಲಿ. ಅಮೆರಿಕಕ್ಕೆ ಹೋಗಬೇಕಿದ್ದ ನಾನ್‌ಕಟಾಯಿ ಮಿಕ್ಸಿನ ಪರೀಕ್ಷೆ. ಅಲ್ಲಿಯ ಖರೀದಿದಾರ ಕಳಿಸಿದ್ದ ಹಾಳೆಯಲ್ಲಿ ಓವನ್ ಮುನ್ನೂರ ಐವತ್ತಕ್ಕೆ ಇಡಿ ಎಂದಿತ್ತು. ನಮ್ಮ ಓವನ್ನಿನ ಗುಂಡಿ ಇನ್ನೂರ ಐವತ್ತಕ್ಕೇ ಮುಗಿಯುತ್ತಿತ್ತು. ನಮ್ಮದು ಬಡ ಓವನ್ನು, ಇಷ್ಟೇ ಇದರ ಶಕ್ತಿ ಎಂದುಕೊಂಡು ಕೊನೆಯವರೆಗೂ ತಿರುಗಿಸಿ, ಕಡಿಮೆಯಾದ ಬಿಸಿಗೆ ಸರಿದೂಗಲಿ ಎಂದು ಹತ್ತು ನಿಮಿಷ ಹೆಚ್ಚೇ ಇಟ್ಟೆ. ಅವರ ಮುನ್ನೂರ ಐವತ್ತು ಫ್ಯಾರನ್‌ಹೀಟು, ನಮ್ಮ ಲೆಕ್ಕದಲ್ಲಿ ನೂರ ಎಪ್ಪತ್ತೇಳು ಎಂಬುದು ನನಗೆ ಹೊಳೆಯಲೇ ಇಲ್ಲ. ಕಿಟಕಿಯಿಂದ ಕಪ್ಪು ಹೊಗೆ ಹೊರಟಿತು. ಪಕ್ಕದ ಪೈಪು ಮಾಡುವ ಕಾರ್ಖಾನೆಯವರು ಮರಳಿನ ಬಕೆಟ್ಟು ಹಿಡಿದು ಓಡಿಬಂದರು. ಗಿರಿಜಮ್ಮ ಬಾಗಿಲಲ್ಲಿ ನಿಂತು ಅವರಿಗೆ, “ಬೆಂಕಿ ಬಿದ್ದಿಲ್ರಪ್ಪ, ನಮ್ ಹುಡುಗಿ ಅಮೆರಿಕಕ್ಕೆ ಹೋಗಿ ಬಂದ್ಲು ಅಷ್ಟೆ” ಎಂದು ಹೇಳಿ ಕಳಿಸಿದರು. ಆಮೇಲೆ ಇದ್ದಲಿನಂತಾಗಿದ್ದ ಒಂದು ನಾನ್‌ಕಟಾಯಿಯನ್ನು ಕಾಗದದಲ್ಲಿ ಸುತ್ತಿ ನನಗೇ ಕೊಟ್ಟು, ಅಂಕಿಯ ಮುಂದೆ ಯಾವ ಅಕ್ಷರ ಐತೆ ಅಂತ ನೋಡೋದು ಮರೆತಾಗ ಇದನ್ನ ಮೂಸು ಅಂದರು. ಬೈಗುಳ ಅಷ್ಟೇ. ಆದರೆ ಆ ಇಡೀ ವಾರ ಓವನ್ ಉಜ್ಜುವ ಕೆಲಸ ನನ್ನದಾಯಿತು.

ಎರಡನೆಯದು ಇದಕ್ಕಿಂತ ನಾಚಿಕೆಗೇಡಿನದು, ಯಾಕೆಂದರೆ ಅದರಲ್ಲಿ ನಾನು ಬಹಳ ಜಾಣತನ ತೋರಿಸಿದ್ದೆ. ಬೆಣ್ಣೆದೋಸೆ ಮಿಕ್ಸಿನ ದೊಡ್ಡ ಚೀಲವನ್ನು ಅಮೆರಿಕದವರು ಕೇಳಿದ್ದರು. ಅಲ್ಲಿ ಮನೆಗಳಲ್ಲಿ ತಕ್ಕಡಿ ಇಡುವವರು ಕಡಿಮೆ, ಎಲ್ಲವನ್ನೂ ಕಪ್ಪಿನಲ್ಲೇ ಬರೆಯಿರಿ ಎಂದಿದ್ದರು. ಅವರ ಕಪ್ಪು ಇನ್ನೂರ ನಲವತ್ತು ಎಂ.ಎಲ್. ಎಂದು ನನಗೀಗ ಗೊತ್ತಿತ್ತಲ್ಲ! ನಾನೂರ ಎಂಬತ್ತು ಗ್ರಾಂ ಹಿಟ್ಟಿಗೆ ಎರಡು ಕಪ್ಪು ಎಂದು ಐದೇ ನಿಮಿಷದಲ್ಲಿ ಬರೆದು ಕೊಟ್ಟೆ.

ಗಿರಿಜಮ್ಮ ಹಾಳೆ ನೋಡಿದರು, ನನ್ನನ್ನು ನೋಡಿದರು, ಎದ್ದು ಹೋಗಿ ಒಂದು ಚೀಲ ಮಂಡಕ್ಕಿ ತಂದರು. ಅದೇ ಅಮೆರಿಕದ ಕಪ್ಪಿಗೆ ಮಂಡಕ್ಕಿ ತುಂಬಿ ತಕ್ಕಡಿಯ ಮೇಲಿಡು ಎಂದರು. ಇಪ್ಪತ್ತು ಗ್ರಾಮೂ ತೂಗಲಿಲ್ಲ. ಆಮೇಲೆ ಉಪ್ಪು ತುಂಬಿಸಿದರು. ಮುನ್ನೂರರ ಹತ್ತಿರ ಹೋಯಿತು. ಆಮೇಲೆ ನಮ್ಮ ಹಿಟ್ಟು. ಜರಡಿ ಹಿಡಿದು ಹಗುರಾಗಿ ತುಂಬಿದರೆ ಒಂದು ತೂಕ, ಕಪ್ಪನ್ನು ಚೀಲದಲ್ಲಿ ಅದ್ದಿ ಒತ್ತೊತ್ತಾಗಿ ತುಂಬಿದರೆ ಇನ್ನೊಂದು, ಮೇಜಿಗೆ ಎರಡು ಸಲ ಕುಟ್ಟಿದರೆ ಮತ್ತೊಂದು. ಯಾವುದೂ ಇನ್ನೂರ ನಲವತ್ತರ ಹತ್ತಿರವೂ ಸುಳಿಯಲಿಲ್ಲ.

“ಕಪ್ಪು ಹೊಟ್ಟಿ ಅಳೀತೈತೆ, ತಕ್ಕಡಿ ಭಾರ ಅಳೀತೈತೆ. ಎರಡೂ ಒಂದೇ ಆಗೋದು ನೀರಿಗೆ ಮಾತ್ರ. ನೀನು ಅವರಿಗೆ ನೀರಿನ ದೋಸೆ ಬರೆದು ಕೊಟ್ಟೀಯ” ಎಂದರು.

ಅಂದಿನಿಂದ ಒಂದೊಂದು ಮಿಕ್ಸನ್ನೂ ನಾನು ಹತ್ತತ್ತು ಸಲ ತುಂಬಿ ತೂಗಿದೆ. ನನ್ನ ಕೈಯಿಂದ ಐದು ಸಲ, ಪ್ಯಾಕಿಂಗ್ ಹಾಲಿನ ಹೆಂಗಸರ ಕೈಯಿಂದ ಐದು ಸಲ. ಒಬ್ಬೊಬ್ಬರ ಕೈ ಒಂದೊಂದು ಥರ. ಅವರೆಲ್ಲರ ಕೈಗೂ ತಪ್ಪಿಲ್ಲದೆ ಬರುವಂತೆ ‘ಹಗುರಾಗಿ ತುಂಬಿ, ಮೇಲ್ಭಾಗ ಚಾಕುವಿನಿಂದ ಸಮ ಮಾಡಿ’ ಎಂದು ಬರೆಯುವುದನ್ನು ಕಲಿತೆ. ಹೊಸ ಹುಡುಗಿಯರೇ, ಈ ಕೆಲಸ ಬೇಸರದ್ದು. ಹತ್ತನೆಯ ಸಲ ಹಿಟ್ಟು ತುಂಬುವಾಗ ಯಾರೂ ನೋಡುತ್ತಿರುವುದಿಲ್ಲ. ಗಿರಿಜಮ್ಮ ಮಾತ್ರ ಹತ್ತನೆಯದನ್ನೂ ಮೊದಲನೆಯದರಷ್ಟೇ ಜತನದಿಂದ ತುಂಬುತ್ತಿದ್ದರು. ಅದನ್ನು ನೋಡುತ್ತಾ ನಿಲ್ಲುವುದೇ ನನಗೊಂದು ಸಂತೋಷವಾಗಿತ್ತು.

ಇನ್ನು ಹೇಳಬೇಕಾದದ್ದು ಜಾಮೂನಿನ ಕಥೆ. ಇದನ್ನು ನಾನು ಮನೆಯಲ್ಲಿ ಕೂಡ ಪೂರ್ತಿ ಹೇಳಿಲ್ಲ.

ಆಗ ನನಗೆ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ನಮ್ಮ ಜಾಮೂನು ಮಿಕ್ಸು ಕೆನಡಾದಲ್ಲಿ ಹೆಸರು ಮಾಡಿತ್ತು. ಮೊದಲ ಬಾರಿಗೆ ಆಸ್ಟ್ರೇಲಿಯಾದಿಂದ ಬೇಡಿಕೆ ಬಂತು. ಪ್ಯಾಕೆಟ್ಟಿನ ಬರಹವನ್ನು ಆ ದೇಶಕ್ಕೆ ಹೊಂದಿಸಿ ಕೊಡುವ ಕೆಲಸವನ್ನು ಗಿರಿಜಮ್ಮ ಪೂರ್ತಿಯಾಗಿ ನನಗೇ ಬಿಟ್ಟರು. ಒಂದು ಪ್ಯಾಕೆಟ್ಟಿಗೆ ಆರು ಟೇಬಲ್ ಸ್ಪೂನ್ ನೀರು ಎಂದು ಕೆನಡಾದ ಪ್ಯಾಕೆಟ್ಟಿನಲ್ಲಿತ್ತು. ಕಪಾಟಿನಲ್ಲಿ ಆಸ್ಟ್ರೇಲಿಯಾದ ಕಪ್ಪಿತ್ತು, ಕೆನಡಾದ ಕಪ್ಪಿತ್ತು, ಎರಡೂ ಇನ್ನೂರ ಐವತ್ತೇ. ಕಪ್ಪು ಒಂದೇ ಆದಮೇಲೆ ಚಮಚವೂ ಒಂದೇ ಎಂದುಕೊಂಡೆ. ದೇಶದ ಹೆಸರೊಂದನ್ನು ಬದಲಿಸಿ ಹಾಳೆಯನ್ನು ಅವರ ಮುಂದಿಟ್ಟೆ.

“ಆ ದೇಶದ ಚಮಚ ನೋಡಿದ್ಯಾ?” ಗಿರಿಜಮ್ಮ ಕೇಳಿದರು.

“ನೋಡಿದೀನಿ ಮೇಡಂ.”

ಯಾಕೆ ಹಾಗೆ ಅಂದೆನೋ. ಬಸ್ಸಿಗೆ ಹೊತ್ತಾಗಿತ್ತು ಎಂಬುದು ಒಂದು ಕಾರಣ. ಎಂಟು ವರ್ಷದ ಮೇಲೂ ‘ಇಲ್ಲ’ ಅನ್ನುವುದು ಹೇಗೆ ಎಂಬ ಬಿಂಕ ಇನ್ನೊಂದು. ಅವರು ಸಹಿ ಹಾಕಿದರು. ಪ್ಯಾಕೆಟ್ಟುಗಳು ಹೋದವು.

ಎರಡೂವರೆ ತಿಂಗಳಾದ ಮೇಲೆ ಒಂದು ಇ-ಮೇಲ್ ಬಂತು. ಬರೆದವರು ದಮಯಂತಿ ಎಂಬ ಶ್ರೀಲಂಕಾದ ಹೆಣ್ಣುಮಗಳು. ಆಸ್ಟ್ರೇಲಿಯಾದಲ್ಲಿ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಆ ಆಶ್ರಮದಲ್ಲಿ ಗುಜರಾತಿ ಅಜ್ಜ ಒಬ್ಬರಿದ್ದರಂತೆ. ಊಟ ಕಡಿಮೆ, ಮಾತು ಇನ್ನೂ ಕಡಿಮೆ. ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಕೇಳಿದಾಗ ಬಹಳ ದಿನದ ಮೇಲೆ ಬಾಯಿಬಿಟ್ಟು, ಗುಲಾಬ್ ಜಾಮೂನು ಎಂದರಂತೆ. ಈಕೆ ಊರೆಲ್ಲ ಹುಡುಕಿ ನಮ್ಮ ಪ್ಯಾಕೆಟ್ ತಂದು ಮೂರು ಸಲ ಮಾಡಿದ್ದಾರೆ. ಮೂರು ಸಲವೂ ಉಂಡೆ ಕೈಗೆ ಅಂಟಿ, ಎಣ್ಣೆಗೆ ಬಿಟ್ಟ ಕೂಡಲೇ ಒಡೆದು ಚೂರುಚೂರಾಗಿದೆ. ಅಜ್ಜನ ಮುಂದೆ ಪಾಯಸದ ಬಟ್ಟಲು ಇಟ್ಟು ಬಂದೆ, ಅವರು ಮುಟ್ಟಲಿಲ್ಲ, ನಾನು ಏನು ತಪ್ಪು ಮಾಡಿದೆ ತಿಳಿಸಿ ಎಂದು ಬರೆದಿದ್ದರು.

ಅದನ್ನು ಓದಿ ನನಗೆ ಮೊದಲು ಬಂದದ್ದು ಸಿಟ್ಟು. ಹಿಟ್ಟು ಕಲಸಲು ಬಾರದವರು ಮಿಕ್ಸಿನ ಮೇಲೆ ದೂರುತ್ತಾರೆ ಎಂದುಕೊಂಡೆ. ‘ದಯವಿಟ್ಟು ಪ್ಯಾಕೆಟ್ಟಿನ ಮೇಲಿನ ಸೂಚನೆಗಳನ್ನು ಸರಿಯಾಗಿ ಪಾಲಿಸಿ’ ಎಂದು ಉತ್ತರ ತಯಾರು ಮಾಡಿ ಗಿರಿಜಮ್ಮನವರಿಗೆ ತೋರಿಸಿದೆ.

ಅವರು ನನ್ನ ಉತ್ತರವನ್ನು ಮಡಚಿ ಪಕ್ಕಕ್ಕಿಟ್ಟು, ದಮಯಂತಿಯ ಪತ್ರವನ್ನು ಮತ್ತೊಮ್ಮೆ ಓದಿದರು. “ಈಕಿ ಅಡಿಗಿ ಮಾಡೋಳು. ದಿನಾ ನೂರು ಜನಕ್ಕೆ ಬೇಯಿಸೋಳು. ಮೂರು ಸಲ ಕೆಡ್ತು ಅಂದ್ರೆ ಆಕಿ ಕೈ ಕೆಟ್ಟಿಲ್ಲ, ನಮ್ಮ ಬರಹ ಕೆಟ್ಟೈತೆ. ನಿಮ್ಮ ಚಮಚದಾಗೆ ಎಷ್ಟು ನೀರು ಹಿಡೀತೈತೆ, ಅಳೆದು ತಿಳಿಸ್ರಿ ಅಂತ ಬರಿ.”

ಬರೆದೆ. ಅಷ್ಟು ಸಣ್ಣದನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ, ಚಮಚವನ್ನೇ ಕಳಿಸುತ್ತಿದ್ದೇನೆ ಎಂದು ಮರುದಿನವೇ ಉತ್ತರ ಬಂತು. ಎಂಥ ಹೆಂಗಸು ನೋಡಿ.

ಇತ್ತ ದೀಪಾವಳಿಗೆಂದು ಆಸ್ಟ್ರೇಲಿಯಾಕ್ಕೆ ಎರಡನೇ ಕಂತು ತಯಾರಾಗಿ ಗೋದಾಮಿನಲ್ಲಿ ನಿಂತಿತ್ತು. ಗಿರಿಜಮ್ಮ ಅದನ್ನು ತಡೆದರು. ನಮ್ಮ ಮಾಲೀಕರು ವೀರಣ್ಣನವರು. ಎಲ್ಲರೂ ಸಾಹುಕಾರ್ರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಹೇಳಿದ ದಿನಕ್ಕೆ ಮಾಲು ಹೋಗದಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ. ಸೀದಾ ಟೆಸ್ಟಿಂಗ್ ರೂಮಿಗೇ ಬಂದರು.

“ಏನ್ರಿ ಗಿರಿಜಮ್ಮ ಇದು? ಹಬ್ಬ ಮುಗಿದ ಮ್ಯಾಲೆ ಜಾಮೂನು ಯಾರು ತಿಂತಾರೆ?”

“ಹಬ್ಬದ ದಿನಾನೇ ಎಣ್ಣಿಯಾಗೆ ಒಡೆದ್ರೆ ಆಮ್ಯಾಲೆ ಯಾವತ್ತೂ ತಿನ್ನಲ್ಲ ಸಾಹುಕಾರ್ರೇ.”

“ಒಡೀತೈತೆ ಅಂತ ಗ್ಯಾರಂಟಿ ಐತಾ?”

“ಇಲ್ರಿ. ಒಡಿಯಲ್ಲ ಅಂತಾನೂ ಇಲ್ಲ. ಚಮಚ ಬರ್ಲಿ.”

“ಒಂದು ಚಮಚಕ್ಕೆ ಕಂಟೇನರ್ ನಿಲ್ಲಿಸ್ಬೇಕಾ?” ಸಾಹುಕಾರ್ರ ದನಿ ಏರಿತು. “ಇದನ್ನ ನೋಡಿ ಸಹಿ ಹಾಕಿದ್ದು ಯಾರು?”

“ನಾನು” ಎಂದರು ಗಿರಿಜಮ್ಮ. ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನಾನು ಸುಮ್ಮನೆ ನಿಂತೆ.

ಹನ್ನೆರಡನೇ ದಿನ ಪಾರ್ಸೆಲ್ ಬಂತು. ನೋಡಲು ಎಲ್ಲ ಚಮಚದಂತೆಯೇ ಇತ್ತು. ಸ್ಟೀಲಿನದು, ಹಿಡಿಯ ಮೇಲೆ ಒಂದು ಪಟ್ಟಿ ಗೀರು. ಗಿರಿಜಮ್ಮ ಅದನ್ನು ಮೇಜಿನ ಮೇಲೆ ಸಮವಾಗಿ ನಿಲ್ಲಿಸಿ, ಇಂಜೆಕ್ಷನ್ ಸಿರಿಂಜಿನಲ್ಲಿ ಐದು ಎಂ.ಎಲ್. ನೀರು ತೆಗೆದು ಬಿಟ್ಟರು. ಐದು. ಮತ್ತೆ ಬಿಟ್ಟರು. ಹತ್ತು. ಮತ್ತೆ ಬಿಟ್ಟರು. ಹದಿನೈದು. ನಮ್ಮ ಕಪಾಟಿನ ಎಲ್ಲ ಟೇಬಲ್ ಸ್ಪೂನುಗಳೂ ಇಲ್ಲಿಗೆ ತುಂಬಿಬಿಡುತ್ತಿದ್ದವು. ಇದು ತುಂಬಿರಲಿಲ್ಲ. ನಾಲ್ಕನೇ ಸಲ ಸಿರಿಂಜು ಖಾಲಿಯಾದಾಗ ನೀರು ಅಂಚಿಗೆ ಬಂದು ನಿಂತಿತು. ಇಪ್ಪತ್ತು.

ಆರು ಚಮಚಕ್ಕೆ ತೊಂಬತ್ತು ಎಂ.ಎಲ್. ಆಗಬೇಕಾದದ್ದು ನೂರ ಇಪ್ಪತ್ತು ಆಗಿತ್ತು. ಆ ನೀರಿನಲ್ಲಿ ಗಿರಿಜಮ್ಮ ಹಿಟ್ಟು ಕಲಸಿ, ಒಂದು ಉಂಡೆ ಮಾಡಿ ಎಣ್ಣೆಗೆ ಬಿಟ್ಟರು. ಅದು ನನ್ನ ಕಣ್ಣೆದುರೇ ಬಿರಿದು, ನೊರೆಯೆದ್ದು, ಚೂರಾಗಿ ತೇಲಿತು. ದಮಯಂತಿ ಮೂರು ಸಲ ನೋಡಿದ್ದು ಇದನ್ನೇ. ಪಾಯಸದ ಬಟ್ಟಲನ್ನು ಮುಟ್ಟದೆ ಕೂತ ಆ ಅಜ್ಜನನ್ನು ನಾನು ಕಂಡವಳಲ್ಲ, ಆದರೂ ಅಂದು ಕಣ್ಣಮುಂದೆ ಬಂದರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಗಿರಿಜಮ್ಮನವರ ಮುಂದೆ ನಿಂತೆ. “ಮೇಡಂ, ನಾನು ಚಮಚ ನೋಡಿರ್ಲಿಲ್ಲ. ಸುಳ್ಳು ಹೇಳಿದೆ.”

“ಗೊತ್ತೈತೆ. ಕಪಾಟಿನಾಗೆ ಆ ಚಮಚಾನೇ ಇರ್ಲಿಲ್ಲ. ನೀನೆಲ್ಲಿಂದ ನೋಡ್ತಿದ್ದೆ?”

“ಮತ್ತೆ ಯಾಕ ಸಹಿ ಹಾಕಿದ್ರಿ?”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಅವತ್ತು ನಂಗೆ ಹೊಳೀಲಿಲ್ಲ. ಎಂಟು ವರ್ಷ ಜೊತಿಗಿದ್ದೋಳು ನೋಡಿದೀನಿ ಅಂದ್ಲು, ನಂಬಿದೆ. ಆ ಪತ್ರ ಬಂದ ದಿನ ಕಪಾಟು ತೆಗೆದು ನೋಡಿದೆ. ಅದಕ್ಕೇ ತಪ್ಪು ನಿಂದೂ ಐತೆ, ನಂದೂ ಐತೆ. ನಂದು ನಾನು ಸಾಹುಕಾರ್ರಿಗೆ ಹೇಳಿದೀನಿ. ನಿಂದು ನೀನು ಹೇಳಿ ಬಾ.”

ಸಾಹುಕಾರ್ರ ಕೋಣೆಗೆ ಹೋಗಿ ನಿಂತೆ. ಕೆಲಸ ಹೋಯಿತು ಎಂದೇ ಎಣಿಸಿದ್ದೆ. ಎಲ್ಲವನ್ನೂ ಹೇಳಿದೆ. ಅವರು ಮುಂದಿದ್ದ ಲೆಕ್ಕದ ಪುಸ್ತಕ ಮುಚ್ಚಿದರು.

“ಪ್ಯಾಕೆಟ್ ಮ್ಯಾಲೆ ಹೊಸಾ ಚೀಟಿ ಅಂಟಿಸ್ಬೇಕು ಅಂತಾರೆ ಗಿರಿಜಮ್ಮ. ಅಂಟಿಸಾಕೆ ಕೂಡ್ತೀಯಾ?”

“ಕೂಡ್ತೀನ್ರಿ.”

“ಹೋಗು ಮತ್ತೆ. ಇಲ್ಲಿ ನಿಂತ್ರೆ ಯಾರು ಅಂಟಿಸ್ತಾರೆ?”

‘ನಾಲ್ಕೂವರೆ ಟೇಬಲ್ ಸ್ಪೂನ್, ಅಂದರೆ 90 ಎಂ.ಎಲ್. ನೀರು’ ಎಂಬ ಸಣ್ಣ ಚೀಟಿ ಅಚ್ಚಾಗಿ ಬಂತು. ಪ್ಯಾಕಿಂಗ್ ಹಾಲಿನಲ್ಲಿ ಚಾಪೆ ಹಾಸಿ ನಾವು ಇಪ್ಪತ್ತು ಹೆಂಗಸರು ಕೂತೆವು. ಎರಡನೇ ದಿನ ಸಾಹುಕಾರ್ರ ಹೆಂಡತಿಯೂ ಬಂದು, “ಸರೀರಿ ಒಂಚೂರು” ಎಂದು ನನ್ನ ಪಕ್ಕದಲ್ಲೇ ಕೂತು ಚೀಟಿ ಅಂಟಿಸಿದರು. ನಾಲ್ಕು ದಿನದಲ್ಲಿ ಒಂದೂ ಪ್ಯಾಕೆಟ್ ಬಿಡದೆ ಮುಗಿಸಿದೆವು. ಕಂಟೇನರ್ ಹಬ್ಬಕ್ಕೆ ಸ್ವಲ್ಪ ತಡವಾಗಿಯೇ ತಲುಪಿತು. ದಮಯಂತಿಗೆ ನಾನೇ ಕ್ಷಮೆ ಕೇಳಿ, ಸರಿಯಾದ ಅಳತೆ ಬರೆದೆ. ಅವರ ಉತ್ತರ ಎರಡೇ ಸಾಲು. ಈ ಸಲ ಒಂದೂ ಒಡೆಯಲಿಲ್ಲ. ಅಜ್ಜ ನಾಲ್ಕು ತಿಂದು, ಐದನೆಯದನ್ನು ಪಕ್ಕದ ಮಂಚದವರಿಗೆ ಕೊಡು ಎಂದರು. ಆ ಕಾಗದವನ್ನು ಗಿರಿಜಮ್ಮ ಕಪಾಟಿನ ಬಾಗಿಲಿನ ಒಳಗೆ ಅಂಟಿಸಿದರು. ಅಂದಿನಿಂದ ಎಲ್ಲ ಪ್ಯಾಕೆಟ್ಟುಗಳ ಮೇಲೂ ಆಯಾ ದೇಶದ ಅಳತೆಯ ಪಕ್ಕದಲ್ಲಿ ಎಂ.ಎಲ್. ಮತ್ತು ಗ್ರಾಂ ಬರೆಯುವುದು ನಮ್ಮಲ್ಲಿ ಕಡ್ಡಾಯವಾಯಿತು.

ಗಿರಿಜಮ್ಮ ನಿವೃತ್ತರಾದ ಮೇಲೆ ಆ ಕೋಣೆ ನನ್ನದಾಯಿತು. ಅದರ ಕಥೆ ಬೇಡ. ಕೆಲಸದ ರೀತಿ ಬೇಗ ಬೇಗ ಬದಲಾಯಿತು. ಮೊಬೈಲಿನಲ್ಲಿ ಒತ್ತಿದರೆ ಕಪ್ಪು ಗ್ರಾಂ ಆಗುತ್ತದೆ, ಔನ್ಸು ಎಂ.ಎಲ್. ಆಗುತ್ತದೆ. ನನಗೇನೂ ಅದರ ಮೇಲೆ ಸಿಟ್ಟಿಲ್ಲ. ನಾನು ಅರ್ಧ ದಿನ ಕೂತು ಮಾಡುತ್ತಿದ್ದುದನ್ನು ಅದು ಅರೆಗಳಿಗೆಯಲ್ಲಿ ಮಾಡುತ್ತದೆ. ನನ್ನ ಕೈಕೆಳಗೆ ಸೇರಿದ ಶಾಹೀನಾ ಎಂಬ ಹುಡುಗಿ ಅದರಲ್ಲಿ ಬಹಳ ಚುರುಕು. ಒಮ್ಮೆ ಜಪಾನಿಗೆ ಹೋಗುವ ಪುಳಿಯೋಗರೆ ಪ್ಯಾಕೆಟ್ಟಿಗೆ ಎಷ್ಟು ಅಕ್ಕಿ ಎಂದು ಬರೆಯಬೇಕಿತ್ತು. ಮೊಬೈಲು ಒಂದು ಉತ್ತರ ಕೊಟ್ಟಿತು. ಕಪಾಟಿನ ಜಪಾನ್ ಕಪ್ಪು ಇನ್ನೂರರದ್ದು ತಾನೇ, ಅದನ್ನೇ ಬರೆದುಬಿಡು ಎಂದೆ ನಾನು. ಅವಳು ಒಪ್ಪಲಿಲ್ಲ.

“ಮೇಡಂ, ಯಾವ ದೇಶದ ಕಪ್ಪು ಅಂತ ಮೊಬೈಲು ಕೇಳ್ಲೇ ಇಲ್ಲ, ಅಮೆರಿಕದ್ದೇ ಹೇಳ್ತು. ನೀವು ಜಪಾನಿಂದು ಹೇಳಿದ್ರಿ. ಆದ್ರೆ ಅವರು ಅನ್ನಕ್ಕೆ ಕುಕ್ಕರ್ ಜೊತಿಗೆ ಬರೋ ಕಪ್ಪು ಹಾಕ್ತಾರಂತೆ. ಅದು ನೂರ ಎಂಬತ್ತು ಐತೆ. ಅಲ್ಲಿಯ ಖರೀದಿದಾರರಿಗೆ ಬರೆದು ಕೇಳಿದೆ.”

ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದಿಂದ ಆ ಕಪಾಟಿನ ಬೀಗದ ಕೈ ಇಟ್ಟುಕೊಂಡವಳಿಗೆ ಗೊತ್ತಿರಲಿಲ್ಲ. “ನಂಗೆ ಗೊತ್ತಿರ್ಲಿಲ್ಲ ಕಣೆ” ಎಂದು ಅವಳ ಮುಂದೆಯೇ ಹೇಳಿದೆ. ಹೇಳಿದ ಮೇಲೆ ಮನಸ್ಸು ಎಷ್ಟು ಹಗುರಾಯಿತೆಂದರೆ, ಇಂಥ ಹುಡುಗಿಯರು ಬರುತ್ತಿರುವಾಗ ನಾನು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು ಅನ್ನಿಸಿತು.

ನಿವೃತ್ತಳಾದ ನಾಲ್ಕು ತಿಂಗಳಿಗೆ, ಗಿರಿಜಮ್ಮನವರಿಗೆ ಆರೋಗ್ಯ ಸರಿಯಿಲ್ಲ ಎಂದು ತಿಳಿದು ಲೋಕಿಕೆರೆಗೆ ಹೋದೆ. ಅವರು ತಮ್ಮನ ಮಗನ ಮನೆಯಲ್ಲಿದ್ದರು. ಆತನ ಹೆಂಡತಿ ಶಾಂತಾ ಬಹಳ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದಳು. ಗಿರಿಜಮ್ಮ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಎರಡೂ ಕಾಲು ಊದಿಕೊಂಡಿದ್ದವು. ಮಾತಾಡಿದರೆ ಏದುಸಿರು. ಹೃದಯ ಬಲಹೀನವಾಗಿದೆ, ನೀರು, ಮಜ್ಜಿಗೆ, ಗಂಜಿ, ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ದಾಟಬಾರದು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರಂತೆ.

“ಒಂದೇ ಚೊಂಬು ಕೊಡೋದ್ರಿ ಅಕ್ಕಾ. ಒಂದು ಹನಿ ಜಾಸ್ತಿ ಇಲ್ಲ. ಆದ್ರೂ ಬಾವು ಇಳೀತಿಲ್ಲ” ಎಂದು ಶಾಂತಾ ಕಣ್ಣಲ್ಲಿ ನೀರು ತಂದುಕೊಂಡಳು.

ಹೊಳೆಯುವ ಹಿತ್ತಾಳೆಯ ಹಳೇ ಚೊಂಬು ಮೂಲೆಯಲ್ಲಿತ್ತು. ನೋಡಿದ ಕೂಡಲೇ ನನ್ನ ಕಣ್ಣಿಗೆ ಅದು ಲೀಟರಿಗಿಂತ ದೊಡ್ಡದೆನ್ನಿಸಿತು. ಶಾಂತಾ ಚಹಾ ಮಾಡಲು ಒಳಗೆ ಹೋದಾಗ ಬಗ್ಗಿ ಕೇಳಿದೆ. “ಮೇಡಂ, ಚೊಂಬು ಅಳೆಸಿದ್ರಾ?”

ಅವರು ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ, “ಸುಮ್ನಿರು. ಪಾಪ, ಆ ಹುಡುಗಿ ಹೊತ್ತಿಗೆ ಸರಿಯಾಗಿ ತಂದು ಕೊಡ್ತಾಳೆ. ಅಳಿ ಅಂದ್ರೆ ನಿನ್ನ ನಂಬಿಲ್ಲ ಅಂದಂಗಾಗ್ತೈತೆ” ಅಂದರು.

ನಾನು ದಂಗಾದೆ. ಒಂದು ಚಮಚಕ್ಕೆ ಕಂಟೇನರ್ ನಿಲ್ಲಿಸಿದ ಹೆಂಗಸು ಇವರು. ಕಾರ್ಖಾನೆಯಲ್ಲಿ ಯಾರ ಮುಲಾಜೂ ಇಲ್ಲದೆ ತಕ್ಕಡಿ ಹಿಡಿದವರು, ತಮ್ಮನ್ನು ಸಾಕುವ ಹುಡುಗಿಯ ಮನಸ್ಸು ನೋಯಬಾರದೆಂದು ತಮ್ಮ ಉಸಿರನ್ನೇ ಪಣಕ್ಕಿಟ್ಟು ಕೂತಿದ್ದರು.

ಒಳಗೆ ಹೋಗಿ ಶಾಂತಾಳಿಗೆ ನೇರವಾಗಿ ಹೇಳಿದೆ. ಅವಳು ಮುನಿಸಿಕೊಳ್ಳುವ ಬದಲು ನನ್ನ ಕೈ ಹಿಡಿದುಕೊಂಡಳು. “ನಂಗೂ ಅನುಮಾನ ಇತ್ತಕ್ಕ. ಆದ್ರೆ ಅತ್ತಿಯೋರು ಅಳತಿಯಾಗೇ ಜೀವನ ಕಳೆದೋರು. ಅವ್ರೇ ಸುಮ್ನಿರಬೇಕಾದ್ರೆ ನಾನು ಹೆಂಗೆ ಕೇಳ್ಲಿ ಅಂತ ಸುಮ್ನಿದ್ದೆ.”

ಇಬ್ಬರೂ ಕೂಡಿ ಲೀಟರ್ ಬಾಟಲಿಯಿಂದ ಚೊಂಬು ತುಂಬಿಸಿದೆವು. ಬಾಟಲಿ ಖಾಲಿಯಾಯಿತು, ಚೊಂಬು ಇನ್ನೂ ಕೇಳುತ್ತಿತ್ತು. ಮತ್ತೆ ಅರ್ಧ ಬಾಟಲಿ ಹಿಡಿಯಿತು. ಗಂಜಿ, ಸಾರುಗಳನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಟ್ಟದಿಂದ ಒಂದು ಸಣ್ಣ ಸ್ಟೀಲ್ ಲೋಟ ತೆಗೆದೆವು. ಎಂಟು ಲೋಟಕ್ಕೆ ಒಂದು ಲೀಟರ್ ಸರಿಯಾಗಿ ಹೊಂದಿತು. ನೀರಾಗಲಿ, ಸಾರಾಗಲಿ, ಇದರಲ್ಲೇ ಕೊಡುವುದು, ಕೊಟ್ಟಾಗಲೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುವುದು ಎಂದು ಗೊತ್ತುಮಾಡಿದೆವು. ಶಾಂತಾ ಅಂದೇ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು.

ಮೂರು ವಾರ ಬಿಟ್ಟು ಸಂಜೆ ಹೊತ್ತಿಗೆ ಮತ್ತೆ ಹೋದೆ. ಗಿರಿಜಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾಲಿನ ಬಾವು ಇಳಿದು ಪಾದದ ಗೆಣ್ಣು ಕಾಣುತ್ತಿತ್ತು. ನನ್ನನ್ನು ಕಂಡು ತಾವೇ ಎದ್ದು ಎರಡು ಹೆಜ್ಜೆ ಮುಂದೆ ಬಂದರು. ಕಾರ್ಖಾನೆಯ ಸುದ್ದಿ ಎಲ್ಲ ಕೇಳಿದರು. ಶಾಹೀನಾಳ ಅಕ್ಕಿ ಕಪ್ಪಿನ ವಿಷಯ ಹೇಳಿದಾಗ ಕೈತಟ್ಟಿ ನಕ್ಕರು. ನಕ್ಕು ನಕ್ಕು ಗಂಟಲು ಒಣಗಿತೆಂದು ಶಾಂತಾಳನ್ನು ಕರೆದು, “ಅರ್ಧ ಲೋಟ ಮಜ್ಜಿಗಿ ಕೊಡವ್ವ” ಅಂದರು.

ಶಾಂತಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಏಳು ಗೆರೆ ಆಗಿದ್ದವು.

“ರಾತ್ರಿ ಮಾತ್ರಿ ನುಂಗಾಕೆ ಒಂದೇ ಲೋಟ ಉಳಿದೈತೆ ಮೇಡಂ. ಆಗಲ್ಲ.”

“ಅರ್ಧ ಕಣೆ, ಸುಮಂಗಲ.”

“ಆಗಲ್ರಿ.”

ಅವರು ಕನ್ನಡಕದ ಮೇಲಿನಿಂದ ನನ್ನನ್ನು ದುರುಗುಟ್ಟಿ ನೋಡಿದರು. ಆ ನೋಟಕ್ಕೆ ನಾನು ಇಪ್ಪತ್ತು ವರ್ಷ ಹೆದರಿದ್ದೆ. ಈ ಸಲ ಹೆದರಲಿಲ್ಲ. ಅವರೇ ಕಣ್ಣು ತಗ್ಗಿಸಿ ಕುರ್ಚಿಗೆ ಒರಗಿದರು.

“ಇವಳಿಗೆ ಕಲಿಸಿದ್ದು ನಾನೇ ನೋಡು ಶಾಂತಾ” ಎಂದರು. “ನಂಗೀಗ ಬೈಯಾಕೂ ಬರಲ್ಲ.”